ಇಕೊನಿಯಜ್ಜಿ ನುಂಗಿದ ಹೆಸರು

ದ್ರೇನೊವೊದಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಹೇಳಿಕಳಿಸುತ್ತಿದ್ದುದು ಪಾದ್ರಿಗಲ್ಲ, ಇಕೊನಿಯಜ್ಜಿಗೆ. ಮೇಲುಕೇರಿಯವರ ಪಾದ್ರಿಗೆ ಉದ್ದ ಗಡ್ಡ. ಗುಡ್ಡದ ಮಠದಿಂದ ಹೇಸರಗತ್ತೆ ಏರಿ ಬರಬೇಕು. ಕೆಳಕೇರಿಯವರ ಪಾದ್ರಿಯದು ಬೋಳಿಸಿದ ಗಲ್ಲ. ಚಳಿಗಾಲದಲ್ಲಿ ಬಯಲಿಗೆ ನೀರು ತುಂಬಿದ್ದರೆ ದೋಣಿಯಲ್ಲಿ ಬರಬೇಕು. ಇವರಿಬ್ಬರಲ್ಲಿ ಯಾರು ಬರುವ ಹೊತ್ತಿಗೂ ಅಜ್ಜಿ ಕೋಲೂರಿಕೊಂಡು ಬಂದು ಹೆಣದ ತಲೆಯ ಬಳಿ ಕೂತಾಗಿರುತ್ತಿತ್ತು.

ಅವಳ ಕೆಲಸ ಅಳುವುದು. ಅಳುವುದಕ್ಕೇನು, ಎಲ್ಲರೂ ಅಳುತ್ತಾರೆ. ಆದರೆ ಅವಳ ಅಳು ಬೇರೆ. ತಲೆಗೆ ಕಪ್ಪು ಬಟ್ಟೆ ಬಿಗಿದುಕೊಂಡು, ಮೊಣಕಾಲಿನ ಮೇಲೆ ಕೈಯಿಟ್ಟು, ಮೊದಲು ತೀರಾ ಸಣ್ಣ ದನಿಯಲ್ಲಿ ಸತ್ತವನ ಹೆಸರು ಕರೆಯುತ್ತಿದ್ದಳು. ಆಮೇಲೆ ಅವನ ಅಪ್ಪನ ಹೆಸರು, ಅವನಪ್ಪನ ಹೆಸರು, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ, ಪ್ರತಿಯೊಬ್ಬನಿಗೂ ಸತ್ತವನ ಕೈಯಲ್ಲಿ ಒಂದು ಸುದ್ದಿ ಕಳಿಸುತ್ತಿದ್ದಳು. ನೀನು ನೆಟ್ಟ ಅಂಜೂರ ಈ ವರ್ಷ ಎರಡು ಸಲ ಹಣ್ಣು ಬಿಟ್ಟಿತು ಅಂತ ಅಪ್ಪನಿಗೆ ಹೇಳು. ನೀನು ಕಟ್ಟಿದ ಗೋಡೆ ಇನ್ನೂ ಜರುಗಿಲ್ಲ ಅಂತ ತಾತನಿಗೆ ಹೇಳು. ಹೆಂಗಸರು ಸುತ್ತ ಕೂತು ಕೇಳುತ್ತಿದ್ದೆವು. ಗಂಡಸರು ಅಂಗಳದ ಕಲ್ಲುಗೋಡೆಯ ಆಚೆ ನಿಂತು ಹಣ್ಣಿನ ಸಾರಾಯಿ, ರಾಕಿಯಾ, ಕುಡಿಯುತ್ತಿದ್ದರು. ಅಳುವ ಜಾಗಕ್ಕೆ ಅವರು ಬರುವ ಪದ್ಧತಿಯಿಲ್ಲ.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಕಚೇರಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಆದರೆ ಎರಡೂ ಕೇರಿಗಳ ಅರವತ್ತು ಮನೆಗಳ ಹಿರಿಯರ ಹೆಸರುಗಳು ಅವಳ ಬಾಯಲ್ಲಿದ್ದವು. ಅವಳಿಗೆ ಅವಳ ಅತ್ತೆ ಕಲಿಸಿದ್ದು, ಆ ಅತ್ತೆಗೆ ಅವಳ ಅತ್ತೆ. ಜೊತೆಗೆ ಒಂದು ಕಟ್ಟಳೆ: ಸತ್ತವರ ಮುಂದೆ ಸುಳ್ಳು ಅಳಬಾರದು. ಜಿಪುಣನನ್ನು ದಾನಿ ಅನ್ನಬಾರದು. ಗೊತ್ತಿಲ್ಲದ್ದನ್ನು ಕಟ್ಟಬಾರದು. ಹೇಳಲಾಗದ್ದಿದ್ದರೆ ನುಂಗಬೇಕು.

ನಮ್ಮ ಮನೆ ಎರಡು ಕೇರಿಗಳ ನಡುವಿನ ತಿರುವಿನಲ್ಲಿತ್ತು. ಮೇಲಿನವರು ಆರ್ಥೊಡಾಕ್ಸ್, ಮೂರು ಬೆರಳು ಕೂಡಿಸಿ ಶಿಲುಬೆ ಬರೆದುಕೊಳ್ಳುತ್ತಾರೆ. ಕೆಳಗಿನವರು ನಾವು ಕ್ಯಾಥೊಲಿಕರು, ಅಂಗೈ ಬಿಚ್ಚಿ ಬರೆದುಕೊಳ್ಳುತ್ತೇವೆ. ಅವರು ತಮ್ಮನ್ನು ಸರ್ಬರು ಅನ್ನುತ್ತಾರೆ, ನಾವು ಕ್ರೊವಾಟರು. ಮಾತು ಒಂದೇ, ಬೈಗುಳ ಒಂದೇ. ಎರಡೂ ಕೇರಿಗಳಲ್ಲಿ ದೊಡ್ಡ ಮನೆತನದ ಹೆಸರೂ ಒಂದೇ, ಮೆದಾನಿಚ್. ಎರಡು ಕಡೆಯ ಮೆದಾನಿಚರ ಮನೆಯ ಸಂತನೂ ಒಬ್ಬನೇ, ಲೂಕ. ಕೆಳಗಿನವರು ಅವನ ದಿನ ಮಾಡಿ ಹದಿಮೂರು ದಿನಕ್ಕೆ ಮೇಲಿನವರು ಹಳೆಯ ಪಂಚಾಂಗದ ಲೆಕ್ಕದಲ್ಲಿ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಹೆಸರು ಒಂದೇ ಆದ್ದರಿಂದಲೇ ಜಗಳ. ಮೇಲುಕೇರಿಯ ಹಿರಿಯ ವಿದಾಕ, ಇಕೊನಿಯಜ್ಜಿಯ ಗಂಡನ ತಮ್ಮನ ಮಗ. ಕೆಳಕೇರಿಯ ಹಿರಿಯ ಮಾರೊ. ಇಬ್ಬರೂ ಒಂದೇ ವಯಸ್ಸು, ಇಬ್ಬರಿಗೂ ಒಂದೇ ಥರ ಬಾಗಿದ ಮೂಗು. ಮಳೆನೀರಿನ ತೊಟ್ಟಿಯ ಬಳಿ ಕುರಿ ಕುಡಿಸುವಾಗ ಎದುರಾದರೆ ಸಾಕು.

"ಏನೋ ಮಾರೊ, ಬರಗಾಲದಲ್ಲಿ ನಿಮ್ಮ ಮುತ್ತಾತ ಎಷ್ಟು ಹಿಟ್ಟಿಗೆ ಬಿಟ್ಟುಕೊಟ್ಟ ನಮ್ಮ ಧರ್ಮಾನ? ಒಂದು ಚೀಲಕ್ಕೋ, ಎರಡಕ್ಕೋ?"

"ಎರಡು ಕಣೋ. ಒಂದು ಚೀಲ ನಿಮ್ಮ ಮುತ್ತಾತಂಗೂ ಕೊಟ್ಟ. ಹೊತ್ಕೊಂಡು ಗುಡ್ಡ ಹತ್ತಿದವನು ಸುಸ್ತಾಗಿ ಮಠದಲ್ಲೇ ಉಳಿದುಬಿಟ್ಟ. ನೀವು ನಮ್ಮವರೇ ವಿದಾಕ, ಗಡ್ಡದ ಹಿಂದೆ ಹೋಗಿ ದಾರಿ ತಪ್ಪಿದೋರು."

"ದಾರಿ ತಪ್ಪಿದ್ದು ನಾವಲ್ಲ."

"ಹಂಗಾದ್ರೆ ನಿನ್ನ ಕತ್ತೇನ ಕೇಳು. ನಿಮ್ಮನೇಲಿ ದಾರಿ ಗೊತ್ತಿರೋದು ಅದಕ್ಕೊಂದಕ್ಕೇ."

ಒಮ್ಮೆ ಪಟ್ಟಣದಿಂದ ಕನ್ನಡಕದ ಪಂಡಿತನೊಬ್ಬ ಮನೆತನಗಳ ಮೂಲ ಬರೆದುಕೊಳ್ಳಲು ಬಂದ. ವಿದಾಕ ಅವನಿಗೆ ಕುರಿಮರಿ ಸುಟ್ಟು ತಿನ್ನಿಸಿ ತನ್ನ ಕತೆ ಬರೆಸಿದ. ಮಾರೊ ಹೊಗೆಯಲ್ಲಿ ಒಣಗಿಸಿದ ಹಂದಿತೊಡೆ ಕೊಯ್ದು ತನ್ನ ಕತೆ ಬರೆಸಿದ. ಹೊಟ್ಟೆ ಭಾರವಾಗಿ ಪಂಡಿತ ಅಜ್ಜಿಯ ಮನೆಗೆ ಬಂದ.

"ಅಜ್ಜಿ, ನಿಮ್ಮ ಮೆದಾನಿಚರು ಮೂಲದಲ್ಲಿ ಸರ್ಬರೋ, ಕ್ರೊವಾಟರೋ?"

"ನಿಮ್ಮಜ್ಜಿಯ ಅಜ್ಜಿ ಹೆಸರೇನಪ್ಪಾ?"

ಅವನಿಗೆ ಗೊತ್ತಿರಲಿಲ್ಲ.

"ಮೊದಲು ಅದನ್ನ ಕೇಳ್ಕೊಂಡು ಬಾ. ನಿಂದು ತಿಳಿದ ಮೇಲೆ ನಮ್ಮದು ನೋಡೋಣ," ಅಂದು ಅವನಿಗೆ ಕಾಫಿ ಕೊಟ್ಟು ಕಳಿಸಿದಳು.

ಇದನ್ನು ಹೇಳಿ ನಗುತ್ತೇವೆ. ನಗು ಬಾರದ ಕಾಲವೂ ಇತ್ತು. ಯುದ್ಧದಲ್ಲಿ ಮೆದಾನಿಚ್ ಅಂದರೆ ಸಾಲುತ್ತಿರಲಿಲ್ಲ, ಬಂದೂಕು ಹಿಡಿದು ಬಂದವರು ಯಾವ ಮೆದಾನಿಚ್ ಅಂತ ಕೇಳುತ್ತಿದ್ದರು. ಮೊದಲ ಬೇಸಿಗೆಯಲ್ಲಿ ಮೇಲುಕೇರಿಯ ನಾಲ್ವರನ್ನು ಹೊರಗೆ ಕರೆದರು. ಅವರಲ್ಲೊಬ್ಬ ಇಕೊನಿಯಜ್ಜಿಯ ಒಬ್ಬನೇ ಮಗ. ಮರುವರ್ಷ ಬೇರೆಯವರು ಬಂದು ಕೆಳಕೇರಿಯ ಮೂವರನ್ನು ಕರೆದರು. ಅವರಲ್ಲೊಬ್ಬ ಮಾರೊನ ತಮ್ಮ. ಏಳು ಜನರಲ್ಲಿ ಒಬ್ಬರ ಹೆಣವೂ ಸಿಗಲಿಲ್ಲ. ಹೆಣವಿಲ್ಲದಿದ್ದರೆ ಸತ್ತವನ ಕೋಟು ಹಾಸಿ ಅಳುವುದು ನಮ್ಮ ಕಡೆಯ ಪದ್ಧತಿ. ಅಜ್ಜಿ ತನ್ನ ಮಗನ ಕೋಟಿನ ಮುಂದೆ ಅತ್ತಳು. ಮರುವರ್ಷ ಮಾರೊನ ಅಂಗಳಕ್ಕೆ ತಾನಾಗಿ ಇಳಿದು ಬಂದು ಆ ಮೂರು ಕೋಟುಗಳ ಮುಂದೆಯೂ ಅತ್ತಳು. ಮೇಲುಕೇರಿಯ ಒಬ್ಬಳು ದಾರಿಯಲ್ಲಿ ಅಡ್ಡ ನಿಂತು, "ನಿನ್ನ ಮಗನ್ನ ತಿಂದೋರಿಗೆ ಅಳ್ತೀಯಾ?" ಅಂದಳಂತೆ. "ಇವರು ಕರೆದೋರಲ್ಲ ಕಣೇ. ಕರೆದಾಗ ಹೊರಗೆ ಬಂದೋರು," ಅಂದಳಂತೆ ಅಜ್ಜಿ. ಎರಡು ವರ್ಷ ಅವಳ ಕೇರಿಯಲ್ಲಿ ಅರ್ಧ ಜನ ಅವಳನ್ನು ಮಾತಾಡಿಸಲಿಲ್ಲ. ಆದರೂ ಸಾವಾದರೆ ಅವಳನ್ನೇ ಕರೆಯಬೇಕಾಗಿತ್ತು, ಬೇರೆ ಯಾರಿಗೂ ಹೆಸರುಗಳು ಬರುತ್ತಿರಲಿಲ್ಲ.

ಆಮೇಲೆ ವಿದಾಕ ಮಾರೊನ ಹೊಸ್ತಿಲು ತುಳಿಯಲಿಲ್ಲ, ಮಾರೊ ವಿದಾಕನದು ತುಳಿಯಲಿಲ್ಲ. ತೊಟ್ಟಿಯ ಬಳಿಯ 'ನೀವು ನಮ್ಮವರು' ಅನ್ನುವ ಜಗಳ ಮಾತ್ರ ನಿಲ್ಲಲಿಲ್ಲ. ಬೇರೆ ಯಾವ ಮಾತಿನಲ್ಲೂ ಆಡಲಾಗದ್ದನ್ನು ಅವರು ಆ ಜಗಳದಲ್ಲಿ ಆಡಿಕೊಳ್ಳುತ್ತಿದ್ದರು ಅಂತ ನನಗೆ ಈಗ ಅನ್ನಿಸುತ್ತದೆ.

ಯುದ್ಧ ಮುಗಿದು ಇಪ್ಪತ್ತು ವರ್ಷವಾಗಿತ್ತು. ವಿದಾಕನ ಮಗಳು ಸ್ಮಿಲ್ಯಾ, ಮಾರೊನ ಕಿರಿಯ ಮಗ ನಿಕ್ಷಾ, ಇಬ್ಬರೂ ತಂಬಾಕಿನ ಗೋದಾಮಿನಲ್ಲಿ ಎಲೆ ವಿಂಗಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಆ ಬೇಸಿಗೆ ಇಬ್ಬರೂ ಮನೆಯಲ್ಲಿ ಮದುವೆಯ ಮಾತೆತ್ತಿದರು. ಧರ್ಮ ಅಡ್ಡ ಬರುತ್ತದೆ ಅಂತ ಊರೆಲ್ಲ ಕಾಯುತ್ತಿತ್ತು. ಅಡ್ಡ ಬಂದದ್ದು ತೊಟ್ಟಿಯ ಬಳಿಯ ಜಗಳ.

ನಮ್ಮಲ್ಲಿ ದಾಯಾದಿಗಳ ನಡುವೆ ಮದುವೆಯಿಲ್ಲ. ಗಂಡಿನ ಕಡೆಯಿಂದ ಬಂದದ್ದು ಗಟ್ಟಿ ರಕ್ತ, ಎಷ್ಟು ತಲೆಮಾರು ಕಳೆದರೂ ಅಣ್ಣತಂಗಿಯೇ. ವಿದಾಕ ಮಗಳಿಗೆ ಹೇಳಿದ: "ಅವರು ನಮ್ಮವರೇ ಅಂತ ನಲವತ್ತು ವರ್ಷದಿಂದ ಸಾರಿಕೊಂಡು ಬಂದಿದೀನಿ. ನಮ್ಮವನಿಗೇ ನಿನ್ನ ಹೆಂಗೆ ಕೊಡ್ಲಿ?" ಕೆಳಗೆ ಮಾರೊನೂ ಮಗನಿಗೆ ಅದನ್ನೇ ಹೇಳಿದ. ಅವರು ನಮ್ಮವರಲ್ಲ ಅಂತ ಇಬ್ಬರಲ್ಲಿ ಒಬ್ಬ ಅಂದಿದ್ದರೆ ಮದುವೆ ನಡೆಯುತ್ತಿತ್ತು. ಇಬ್ಬರ ಬಾಯಿಂದಲೂ ಆ ಮಾತು ಬರಲಿಲ್ಲ. ನಲವತ್ತು ವರ್ಷ ಗೆಲ್ಲಬೇಕು ಅಂತ ಹೊಡೆದಾಡಿದ ಮಾತನ್ನು ಯಾರು ಮೊದಲು ಕೈಬಿಡುವುದು.

ಅಷ್ಟರಲ್ಲಿ ಪಕ್ಕದ ಊರಿನಿಂದ ಸ್ಮಿಲ್ಯಾಳನ್ನು ಕೇಳಿ ಬಂದರು. ಕೆಳಕೇರಿಯ ಲೂಕನ ಹಬ್ಬ ಆದ ಮೇಲಿನ ಭಾನುವಾರ ಸೇಬು ತನ್ನಿ ಅಂತ ವಿದಾಕ ಒಪ್ಪಿಕೊಂಡ. ಗಂಡಿನ ಕಡೆಯವರು ತಂದ ಸೇಬನ್ನು ಹುಡುಗಿ ಕೈಗೆ ತೆಗೆದುಕೊಂಡರೆ ಮಾತು ಮುಗಿದ ಹಾಗೆ.

ಹಬ್ಬಕ್ಕೆ ಹತ್ತು ದಿನವಿತ್ತು. ನಾನು ಅಜ್ಜಿಯ ಒಲೆಯ ಬಳಿ ಉಣ್ಣೆ ಹಿಂಜುತ್ತಿದ್ದೆ. ಸ್ಮಿಲ್ಯಾ ಬಂದು ಬಾಗಿಲಲ್ಲೇ ನಿಂತಳು.

"ಅಜ್ಜಿ, ನಾವು ನಿಜವಾಗ್ಲೂ ಒಂದೇ ರಕ್ತಾನಾ?"

"ಒಳಗೆ ಬಾ."

"ಬರಲ್ಲ. ಮೊದಲು ಹೇಳು. ಹೌದು ಅಂದ್ರೆ ಸೇಬು ತಗೋತೀನಿ, ಇನ್ನೊಂದು ಮಾತಾಡಲ್ಲ. ಬೇರೆ ಯಾರ ಮಾತನ್ನೂ ನಂಬಲ್ಲ ನಾನು, ನಿನ್ನ ಮಾತು ನಂಬ್ತೀನಿ."

ಅಜ್ಜಿಯ ಕದಿರು ನಿಂತಿತು.

"ನಿಮ್ಮಪ್ಪನ್ನ ಕಳಿಸು," ಅಂದಳು.

ಹುಡುಗಿ ಹೋದ ಮೇಲೆ ನನ್ನ ಕಡೆ ತಿರುಗಿ, "ಆಂಜಾ, ನಮ್ಮತ್ತೆ ಸಾಯೋ ಮುಂಚೆ ನನ್ನ ಬಾಯೊಳಗೆ ಒಂದು ಕಲ್ಲಿಟ್ಟು ಹೋದಳು. ಐವತ್ತು ವರ್ಷದಿಂದ ಅದನ್ನ ನಾಲಿಗೆ ಕೆಳಗೆ ಇಟ್ಕೊಂಡೇ ಅತ್ತಿದೀನಿ. ಅದು ನನ್ನ ಗಂಡನ ಮನೆ ಮರ್ಯಾದೆ, ನನ್ನ ಮಗನ ಹೆಸರೂ ಅದರಲ್ಲೇ ಇದೆ," ಅಂದಳು. ನಾನು ಎದ್ದು ಹೋಗಲೇ ಅಂದೆ. "ಕೂತ್ಕೋ. ಈ ಹೆಸರುಗಳನ್ನ ನನ್ನ ಹಿಂದೆ ಯಾರಾದ್ರೂ ಅಳಬೇಕಲ್ಲ."

ವಿದಾಕ ಬಂದ. ಟೊಪ್ಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಕೂತ.

"ಹೇಳು ದೊಡ್ಡಮ್ಮ. ಹುಡುಗಿ ಪರವಾಗಿ ಮಾತಾಡೋದಾದ್ರೆ ಬೇಡ."

"ನಿಮ್ಮಪ್ಪ ಸತ್ತಾಗ ಯಾರು ಅತ್ತಿದ್ದು?"

"ನೀನು."

"ಗೋಡೆ ಆಚೆ ನಿಂತು ಕೇಳಿಸ್ಕೊಂಡಿದ್ದೆ ತಾನೆ? ಎಷ್ಟು ಹೆಸರು ಹೇಳಿದೆ?"

ವಿದಾಕ ಬೆರಳು ಮಡಿಸಿ ಎಣಿಸಿದ. "ಆರು. ಕೊನೆಯವನು ಗ್ರುಬಾನ್."

"ಮಾರೊನ ಅಪ್ಪನಿಗೆ?"

"ಒಂಬತ್ತು ಹೇಳಿದೆ. ಅದಕ್ಕೆ ಆಗ ಸಿಟ್ಟು ಬಂದಿತ್ತು ನಂಗೆ." ವಿದಾಕ ಮಡಿಸಿದ ಬೆರಳು ನೋಡಿಕೊಂಡ. "ನಮ್ಮ ಕೇರಿಯೋರಿಗೆ ಅಳುವಾಗೆಲ್ಲ ಗ್ರುಬಾನನ ಹೆಸರಾದ ಮೇಲೆ ನೀನು ಕೆಮ್ತಿದ್ದೆ."

"ಕೆಮ್ಮಲ್ಲ ಮಗಾ. ನುಂಗ್ತಿದ್ದೆ."

ಆಮೇಲೆ ಅವಳು ಕಣ್ಣು ಮುಚ್ಚಿ, ಅಳುವ ದನಿಯಲ್ಲಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದಳು:

"ದೂರದೂರಿಂದ ಬಂದವನೇ,
ಕತ್ತೆ ಮೇಲೆ ಉಪ್ಪು ಹೇರಿ ಬಂದವನೇ,
ನನ್ನಪ್ಪನ ಒಲೆಯ ಬಳಿ ಕೂತು
ನನ್ನ ಮನೆಯ ಹೆಸರು ಹೊತ್ತವನೇ,
ಉಪ್ಪಿಗೆ ಬಿರಿದ ನಿನ್ನ ಕೈಗೆ
ಇನ್ನು ಎಣ್ಣೆ ಹಚ್ಚುವವರಾರು."

"ಇದನ್ನ ಅತ್ತೋಳು ಸ್ತಾನಾ," ಅಂದಳು ಅಜ್ಜಿ. "ಗ್ರುಬಾನನ ತಾಯಿ. ನಿಮ್ಮ ಏಳನೇ ಹೆಸರು ಗಂಡಸಿನದಲ್ಲ. ಆ ಮನೇಲಿ ಗಂಡುಮಕ್ಕಳಿರಲಿಲ್ಲ. ಹೊರಗಿಂದ ಬಂದವನಿಗೆ ಮಗಳನ್ನ ಕೊಟ್ಟು ಮನೇಲೇ ಇಟ್ಕೊಂಡರು. ಮೆದಾನಿಚ್ ಅನ್ನೋ ಹೆಸರು ಸ್ತಾನಾದು. ಅವಳ ಕಡೆಯಿಂದ ನಿಮಗೆ ಬಂದದ್ದು ತೆಳು ರಕ್ತ. ಹೆಣ್ಣಿನ ಕಡೆಯದು ಐದು ತಲೆಗೆ ನೀರಾಗುತ್ತೆ, ಇದು ಏಳು. ನಿನಗೂ ಮಾರೊಗೂ ಗಟ್ಟಿ ರಕ್ತದ ಸಂಬಂಧ ಇಲ್ಲ."

ವಿದಾಕನ ಮುಖ ಬೂದಿಯಾಯಿತು. ನಮ್ಮ ಸೀಮೆಯಲ್ಲಿ ಗಂಡಸಿಗೆ ಕಳ್ಳ ಅನ್ನಬಹುದು, ಕುಡುಕ ಅನ್ನಬಹುದು. ಮನೆಅಳಿಯನ ಸಂತಾನ ಅನ್ನಬಾರದು.

"ಮನೆಅಳಿಯ," ಅಂದ ತನಗೆ ತಾನೇ. ಆಮೇಲೆ, "ಕಟ್ಟಿ ಹೇಳ್ತಿದೀಯ ದೊಡ್ಡಮ್ಮ. ಹುಡುಗಿಗೋಸ್ಕರ."

ಅಜ್ಜಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದನಿ ಏರಲಿಲ್ಲ. "ನನ್ನ ಮಗನ ಕೋಟಿನ ಮುಂದೇನೂ ಗ್ರುಬಾನನ ಹೆಸರಿಗೇ ನಿಲ್ಲಿಸಿದೆ ವಿದಾಕ. ನನ್ನ ಸ್ವಂತ ಮಗನ್ನ ಅವನ ಹಿರಿಯರ ತಂಕ ಕಳಿಸಲಿಲ್ಲ, ಅರ್ಧ ದಾರೀಲಿ ಬಿಟ್ಟೆ. ನಿಮ್ಮ ಗಂಡಸರ ಮರ್ಯಾದೆಗೋಸ್ಕರ. ಈಗ ಕಟ್ಟಿ ಹೇಳ್ತೀನಾ?"

ವಿದಾಕ ತಲೆ ಬಗ್ಗಿಸಿದ. ಒಲೆಯಲ್ಲಿ ಕೊರಡು ಕುಸಿಯಿತು. ನಾನು ಸರಿಪಡಿಸಿದೆ.

"ಯಾರ‍್ಯಾರಿಗೆ ಗೊತ್ತು?"

"ಸತ್ತೋರಿಗೆಲ್ಲ ಗೊತ್ತು. ಬದುಕಿರೋರಲ್ಲಿ ಈಗ ಮೂರು ಜನ. ನಾನು ಯಾರ ಮುಂದೇನೂ ಹೇಳಲ್ಲ, ಆಂಜಾನೂ ಹೇಳಲ್ಲ. ಬಾಯಿ ನಿಂದು, ಮಗಳೂ ನಿನ್ನವಳು. ಆದರೆ ಅವಳು ನನ್ನ ಬಾಗಿಲಲ್ಲಿ ನಿಂತು ಕೇಳಿದಾಳೆ. ಇನ್ನೊಂದ್ಸಲ ಕೇಳಿದರೆ ನುಂಗೋಕೆ ನನ್ನ ಗಂಟಲಲ್ಲಿ ಜಾಗ ಇಲ್ಲ."

ವಿದಾಕ ಟೊಪ್ಪಿ ಹಾಕಿಕೊಳ್ಳುವುದನ್ನೂ ಮರೆತು ಎದ್ದು ಹೋದ. ಒಂಬತ್ತು ದಿನ ತೊಟ್ಟಿಯ ಬಳಿ ಅವನ ದನಿ ಕೇಳಲಿಲ್ಲ. ಮಾರೊ ಎರಡು ಸಲ ಕೆಣಕಿದ. ಉತ್ತರ ಬಾರದೆ ಅವನಿಗೂ ಬೇಜಾರಾಯಿತು. "ಏನಾಗಿದೆ ಅವನಿಗೆ, ಜ್ವರಾನಾ?" ಅಂತ ನನ್ನನ್ನು ಕೇಳಿದ. ಅಜ್ಜಿ ಆ ಒಂಬತ್ತು ದಿನವೂ ಸರಿಯಾಗಿ ಊಟ ಮಾಡಲಿಲ್ಲ. ನಾನು ರೊಟ್ಟಿ ಒಯ್ದರೆ, "ಐವತ್ತು ವರ್ಷ ಹೊತ್ತಿದ್ದನ್ನ ಅವನ ಬೆನ್ನಿಗೆ ಹಾಕಿಬಿಟ್ಟೆನಲ್ಲೇ," ಅನ್ನುತ್ತಿದ್ದಳು.

ಕೆಳಕೇರಿಯ ಲೂಕನ ಹಬ್ಬ ಬಂತು. ಮನೆಯ ಸಂತನ ದಿನಕ್ಕೆ ಯಾರನ್ನೂ ಕರೆಯುವುದಿಲ್ಲ. ಮೇಣದ ಬತ್ತಿ ಹಚ್ಚಿ, ಬಾಗಿಲು ತೆರೆದಿಟ್ಟು, ಹೊಸ ವೈನ್ ತುಂಬಿಡುತ್ತಾರೆ. ಬರುವವರು ಬರುತ್ತಾರೆ, ಬಂದವರನ್ನು ಯಾಕೆ ಬಂದಿರಿ ಅಂತ ಕೇಳುವ ಹಾಗಿಲ್ಲ. ನಾನು ಮಾರೊನ ಅಡುಗೆಮನೆಯಲ್ಲಿ ಕುರಿಮಾಂಸದ ಹಂಡೆ ನೋಡಿಕೊಳ್ಳುತ್ತಿದ್ದೆ. ಮಧ್ಯಾಹ್ನಕ್ಕೆ ಮುಂಚೆ ಒಳಮನೆಯ ಮಾತು ಒಮ್ಮೆಲೇ ನಿಂತುಹೋಯಿತು. ಬಗ್ಗಿ ನೋಡಿದರೆ ಬಾಗಿಲಲ್ಲಿ ವಿದಾಕ, ಕೈಯಲ್ಲಿ ರಾಕಿಯಾ ಬಾಟಲಿ. ಹಿಂದೆ ಕೋಲೂರಿಕೊಂಡು ಇಕೊನಿಯಜ್ಜಿ. ತಾನು ಕರೆತರಲಿಲ್ಲ, ದಾರಿಯಲ್ಲಿ ಅವನೇ ಬಂದು ತೋಳು ಹಿಡಿದ ಅಂತ ಆಮೇಲೆ ಹೇಳಿದಳು.

ಇಪ್ಪತ್ತು ಚಿಲ್ಲರೆ ವರ್ಷದ ಮೇಲೆ ಆ ಹೊಸ್ತಿಲು ದಾಟಿದ ವಿದಾಕ ಕೂರಲಿಲ್ಲ.

"ಮಾರೊ, ನಿಂತೇ ಹೇಳ್ತೀನಿ. ನೀವು ನಮ್ಮವರಲ್ಲ. ನಾವೂ ನಿಮ್ಮವರಲ್ಲ. ನನ್ನ ಏಳನೇ ಹಿರಿಯ ಮೆದಾನಿಚ್ ಅಲ್ಲ, ಉಪ್ಪು ಹೇರ್ಕೊಂಡು ಮೆದಾನಿಚರ ಮನೆಗೆ ಬಂದ ಅಳಿಯ. ಮನೆಅಳಿಯ. ನಗೋದಿದ್ರೆ ಈಗಲೇ ನಕ್ಕುಬಿಡು. ನಕ್ಕಾದ ಮೇಲೆ ಮಕ್ಕಳ ಮಾತಾಡೋಣ."

ಮೇಜಿನ ಸುತ್ತ ಇದ್ದವರೆಲ್ಲ ಮಾರೊನ ಮುಖ ನೋಡಿದರು. ನಲವತ್ತು ವರ್ಷ ಕಾದರೂ ಸಿಗದ ಬೈಗುಳ ತಟ್ಟೆಯಲ್ಲಿಟ್ಟು ಕೊಟ್ಟಂತೆ ಸಿಕ್ಕಿತ್ತು. ಮಾರೊ ಎದ್ದು ನಿಂತ. ನಗಲಿಲ್ಲ.

"ಹಂಗಾದ್ರೆ ಇಷ್ಟು ವರ್ಷ ನಾನು ಜಗಳ ಆಡಿದ್ದು ಯಾರ ಜೊತೆ?" ಅಂದ.

"ನನಗೇನು ಗೊತ್ತೋ. ಪರಕೀಯರ ಜೊತೆ."

"ಪರಕೀಯರ ಜೊತೆ ಯಾರಾದ್ರೂ ಹಂಗೆ ಜಗಳ ಆಡ್ತಾರೇನೋ?" ಮಾರೊ ತನ್ನ ಪಕ್ಕದ ಕುರ್ಚಿ ಎಳೆದ. "ಕೂತ್ಕೋ. ಅಜ್ಜೀ, ನೀನೂ ಒಲೆ ಹತ್ತಿರ ಕೂತ್ಕೋ. ರೊಟ್ಟಿ ಹಿಡಿ ವಿದಾಕ."

ಹಬ್ಬದ ರೊಟ್ಟಿಯನ್ನು ಇಬ್ಬರು ಹಿಡಿದು ಮುರಿಯಬೇಕು. ಇಬ್ಬರೂ ಮುರಿದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ನಿಕ್ಷಾ ಸ್ಮಿಲ್ಯಾಳಿಗೆ ಹೇಳಲು ಮೇಲುಕೇರಿಯ ಕಡೆ ಓಡಿದ.

ಎರಡನೆಯ ಲೋಟಕ್ಕೆ ಮಾರೊನಿಗೆ ಹಳೆಯ ಕಳೆ ಬಂತು. "ಆ ಅಳಿಯ ಏನು ಹೊತ್ಕೊಂಡು ಬಂದ ಅಂದೆ? ಉಪ್ಪು? ಉಪ್ಪು ಬರೋದು ಸಮುದ್ರದಿಂದ. ಸಮುದ್ರದ ಕಡೆ ಇರೋರೆಲ್ಲ ಕ್ಯಾಥೊಲಿಕರು. ಅಂದ್ರೆ ಅವನು ನಮ್ಮವನು."

"ಉಪ್ಪು ಕೊಳ್ಳೋಕೆ ಗುಡ್ಡದೋರೂ ಸಮುದ್ರಕ್ಕೆ ಇಳೀತಾರೆ," ಅಂದ ವಿದಾಕ. ಅವನ ದನಿಗೆ ಜೀವ ಬಂದಿತ್ತು.

"ಅಜ್ಜೀ, ನೀನೇ ಹೇಳು. ಅವನ ಹೆಸರೇನು? ಹೆಸರು ಹೇಳಿದ್ರೆ ಧರ್ಮ ಗೊತ್ತಾಗುತ್ತೆ."

ಅಜ್ಜಿ ಒಂಬತ್ತು ದಿನದ ಮೇಲೆ ಮೊದಲ ಸಲ ಮಾಂಸದ ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿಯುತ್ತಿದ್ದಳು. "ಸ್ತಾನಾ ಮರ್ಯಾದಸ್ಥೆ ಕಣಪ್ಪಾ. ಗಂಡನ ಹೆಸರು ಬಾಯಲ್ಲಿ ಎತ್ತಲಿಲ್ಲ. ಅವನ ಕೈ ಬಿರಿದಿತ್ತು ಅಂತ ಅತ್ತಿದಾಳೆ. ಆ ಕೈಯಲ್ಲಿ ಶಿಲುಬೆ ಹೆಂಗೆ ಬರ್ಕೋತಿದ್ದ ಅಂತ ಅತ್ತಿಲ್ಲ."

"ನಮ್ಮವನೇ," ಅಂದ ಮಾರೊ.

"ಕನಸು ಕಾಣಿ ಬೀಗರೇ," ಅಂದ ವಿದಾಕ.

ಭಾನುವಾರ ಸೇಬು ತಂದವರಿಗೆ ಊಟ ಹಾಕಿ ಮರ್ಯಾದೆಯಿಂದ ಕಳಿಸಿದರು. ಸ್ಮಿಲ್ಯಾ, ನಿಕ್ಷಾ ಪೇಟೆಯ ಕಚೇರಿಯಲ್ಲಿ ಮದುವೆಗೆ ಸಹಿ ಹಾಕಿ ಬಂದರು. ಇಬ್ಬರು ಪಾದ್ರಿಗಳೂ ಮುನಿಸಿಕೊಂಡರು, ಇಬ್ಬರೂ ಊಟಕ್ಕೆ ಬಂದರು. ಸೊಸೆಗೆ ಮನೆತನದ ಹೆಸರು ಬದಲಾಯಿಸುವ ಖರ್ಚು ಉಳಿಯಿತು ಅಂತ ಊರು ನಕ್ಕಿತು. ಆ ಮನೆಯಲ್ಲಿ ಲೂಕನ ಹಬ್ಬ ಈಗಲೂ ಹದಿಮೂರು ದಿನದ ಅಂತರದಲ್ಲಿ ಎರಡು ಸಲ.

ಇಕೊನಿಯಜ್ಜಿ ಅದಾಗಿ ಮೂರನೆಯ ಚಳಿಗಾಲದಲ್ಲಿ ಹೋದಳು. ಬಯಲ ತುಂಬ ನೀರು, ಇಬ್ಬರು ಪಾದ್ರಿಗಳಲ್ಲಿ ಯಾರೂ ಇನ್ನೂ ಬಂದಿರಲಿಲ್ಲ. ತಲೆಯ ಬಳಿ ಕೂತದ್ದು ನಾನು. ಅವಳಷ್ಟು ಚೆನ್ನಾಗಿ ನನಗೆ ಬರುವುದಿಲ್ಲ, ಆದರೂ ಶುರು ಮಾಡಿದೆ. ನಿನ್ನ ಗಂಡನಿಗೆ ಹೇಳು, ಅವನಪ್ಪನಿಗೆ ಹೇಳು, ಅಂತ ಅವಳು ಸೇರಿದ ಮನೆಯ ಹಿರಿಯರಿಗೆ ಒಬ್ಬೊಬ್ಬರಿಗೂ ಸುದ್ದಿ ಕಳಿಸುತ್ತ ಗ್ರುಬಾನನ ಹೆಸರಿಗೆ ಬಂದೆ. ಆರು. ಅಭ್ಯಾಸಬಲ ನೋಡಿ, ನಾನೂ ಅಲ್ಲಿ ನುಂಗಿದೆ. ಗೋಡೆಯಾಚೆ ಎರಡೂ ಕೇರಿಗಳ ಗಂಡಸರು ನಿಂತಿದ್ದರು.

ಅಲ್ಲಿಂದ ವಿದಾಕನ ದನಿ ಬಂತು. ಅಳುವ ಹೊತ್ತಿನಲ್ಲಿ ಗಂಡಸು ಬಾಯಿ ಹಾಕಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

"ನಿಲ್ಲಿಸಬೇಡ ಆಂಜಾ," ಅಂದ. "ಸ್ತಾನಾಗೂ ಹೇಳಿಕಳಿಸು. ಅವಳ ಗಂಡನಿಗೂ."